ನಿಲ್ಲಿಸೋಕೆ ಮೊದಲು ಬೀಳೋಕೆ ಬಿಟ್ಟೆವು

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡುತ್ತೇನೆ. ನೆಟ್ಟಗೆ ನಿಲ್ಲಿಸಿದ ಕೋಲು ಬೀಳದ ಹಾಗೆ ಕಾಯುವ ಲೆಕ್ಕ ಪ್ರತಿ ವರ್ಷವೂ ಬರುತ್ತದೆ. ಬೋರ್ಡಿನ ಮೇಲೆ ಸಮೀಕರಣ ಬರೆದು, ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಗೇನ್ (ಎಷ್ಟು ವಾಲಿದರೆ ಎಷ್ಟು ತಳ್ಳಬೇಕು ಅನ್ನುವ ಅಂಕಿ) ತೆಗೆದು, ಗ್ರಾಫ್ ತೋರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನೆಲ, ಚಕ್ರ, ಜಾರುವುದು, ಸೆನ್ಸರ್ ತಡವಾಗಿ ಹೇಳುವುದು, ಇದ್ಯಾವುದೂ ಆ ಗ್ರಾಫಿನಲ್ಲಿ ಇರುತ್ತಿರಲಿಲ್ಲ.

2023ರ ಬೇಸಿಗೆಯಲ್ಲಿ, ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಬಂದಳು. "ಮೇಡಂ, ಎರಡು ಚಕ್ರದ ಮೇಲೆ ತಾನಾಗೇ ನಿಲ್ಲೋ ರೋಬಾಟ್ ಮಾಡ್ಬೇಕು ಅಂತಿದೀನಿ. ಮೋಟರ್ ತಗೊಳ್ಳೋಕೆ ಮುಂಚೆ ಕಂಪ್ಯೂಟರಲ್ಲೇ ನಿಲ್ಲಿಸಿ ನೋಡಬಹುದಾ?"

"ನೋಡಬಹುದಮ್ಮ, ಕೂತ್ಕೋ" ಅಂದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು. ಈ ಹಾದಿ ಹಿಡಿಯುವ ಬೇರೆಯವರಿಗೆ ಅದರಲ್ಲಿ ಸ್ವಲ್ಪವಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ರೋಬಾಟ್ ಚಿಕ್ಕದು. ಮೈ 1 ಕಿಲೋ ತೂಕದ ಒಂದು ಡಬ್ಬ, 20 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ದಪ್ಪ. ಕೆಳಗೆ 65 ಮಿಲಿಮೀಟರ್ ವ್ಯಾಸದ ಎರಡು ಚಕ್ರ, ತಲಾ 50 ಗ್ರಾಂ. ಮೊದಲು ಪೇಪರ್ ಮೇಲೆ ಲೆಕ್ಕ ಹಾಕಿದೆವು. ಚಕ್ರಕ್ಕೆ ಏನೂ ಮಾಡದೆ ಬಿಟ್ಟರೆ ಇದರ ವಾಲು ಸುಮಾರು 50 ಮಿಲಿಸೆಕೆಂಡಿಗೊಮ್ಮೆ ಎರಡರಷ್ಟಾಗುತ್ತದೆ. 1 ಡಿಗ್ರಿ 2 ಆಗುತ್ತದೆ, 2 ಇದ್ದದ್ದು 4. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲಿರುತ್ತದೆ. ಮುಂದಿನ ಎಲ್ಲ ಕಷ್ಟಕ್ಕೂ ಈ 50 ಮಿಲಿಸೆಕೆಂಡೇ ಅಳತೆಗೋಲು.

ವಾಲು ನೋಡಿ ಚಕ್ರ ತಳ್ಳುವ ಕಂಟ್ರೋಲರ್ ಕಟ್ಟೋಕೆ ಮ್ಯಾಟ್‌ಲ್ಯಾಬ್‌ನದೇ ಸಿಮ್ಯುಲಿಂಕ್ ಇತ್ತು, ಕಾಲೇಜಿನ ಲೈಸೆನ್ಸ್. ರೋಬಾಟ್ ಓಡಾಡೋಕೆ ಗೆಜೆಬೋ ಅನ್ನುವ ಸಿಮ್ಯುಲೇಟರ್ ಆರಿಸಿಕೊಂಡೆವು. ಗೆಜೆಬೋ 2002ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಹೋವರ್ಡ್ ಮತ್ತು ನೇಟ್ ಕೋನಿಗ್ ಶುರು ಮಾಡಿದ್ದು. ಉಚಿತವಾಗಿ ಸಿಗುತ್ತದೆ. ನೆಲಕ್ಕೆ ಚಕ್ರ ತಾಗುವುದು, ಘರ್ಷಣೆ, ಡಿಕ್ಕಿ ಎಲ್ಲವನ್ನೂ ಅದೇ ಲೆಕ್ಕ ಹಾಕುತ್ತದೆ. ಹಾಗಾದರೆ ಎರಡನ್ನೂ ಜೋಡಿಸಬೇಕು. ಗೆಜೆಬೋ ವಾಲು ಎಷ್ಟು ಅಂತ ಹೇಳಬೇಕು, ಸಿಮ್ಯುಲಿಂಕ್ ಚಕ್ರಕ್ಕೆ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಅಂತ ಹೇಳಬೇಕು. ಕೇಳೋಕೆ ಇಷ್ಟೇ.

ಮೊದಲ ವಾರ ತಪ್ಪು ದಾರಿಯಲ್ಲಿ ಹೋಯಿತು. ರಾಸ್ (ರೋಬಾಟ್ ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆ) ಮೂಲಕ ಮೆಸೇಜ್ ಕಳಿಸಿದರೆ ಸಾಕು ಅಂದುಕೊಂಡೆ. ಒಂದು ಕಡೆಯಿಂದ ಸೆನ್ಸರ್ ಮೆಸೇಜ್, ಇನ್ನೊಂದು ಕಡೆಯಿಂದ ಟಾರ್ಕ್ ಮೆಸೇಜ್. ಜೋಡಣೆ ಆಯಿತು, ಮೆಸೇಜ್‌ಗಳೂ ಓಡಾಡಿದವು. ರನ್ ಒತ್ತಿದೆ. ಸಿಮ್ಯುಲಿಂಕ್ ತನ್ನ 10 ಸೆಕೆಂಡಿನ ಆಟವನ್ನು ನೋಡುನೋಡುತ್ತಿದ್ದಂತೆ ಮುಗಿಸಿಬಿಟ್ಟಿತು. ಗೆಜೆಬೋದಲ್ಲಿ ರೋಬಾಟ್ ಆಗಷ್ಟೇ ವಾಲೋಕೆ ಶುರು ಮಾಡಿತ್ತು.

ಯಾಕೆ ಅಂದರೆ, ಸಿಮ್ಯುಲಿಂಕ್‌ನ ಒಂದು ಸೆಕೆಂಡಿಗೂ ಗೋಡೆ ಗಡಿಯಾರದ ಒಂದು ಸೆಕೆಂಡಿಗೂ ಸಂಬಂಧವಿಲ್ಲ. ಕಂಪ್ಯೂಟರ್ ಎಷ್ಟು ಜೋರಾಗಿದ್ದರೆ ಅಷ್ಟು ಜೋರಾಗಿ ಓಡುತ್ತದೆ. ಪೇಸಿಂಗ್ ಆನ್ ಮಾಡಿ ಅದನ್ನು ಗೋಡೆ ಗಡಿಯಾರಕ್ಕೆ ಕಟ್ಟಿದೆ. ಆಗ ಗೆಜೆಬೋದ ಕೆಳಗಿನ ಪಟ್ಟಿಯಲ್ಲಿ ರಿಯಲ್ ಟೈಮ್ ಫ್ಯಾಕ್ಟರ್ ಅನ್ನುವ ಅಂಕಿ ಕಣ್ಣಿಗೆ ಬಿತ್ತು. 0.6ರ ಆಸುಪಾಸಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಅಂದರೆ ಗೋಡೆಯ 10 ಸೆಕೆಂಡಿಗೆ ಗೆಜೆಬೋದಲ್ಲಿ 6 ಸೆಕೆಂಡ್ ಮಾತ್ರ ಕಳೆಯುತ್ತಿತ್ತು. ನಮ್ಮ ಹಳೆಯ ಲ್ಯಾಪ್‌ಟಾಪಿನ ವರ್ಚುವಲ್ ಮಷಿನ್‌ಗೆ (ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್) ಅಷ್ಟೇ ಶಕ್ತಿ. ಸಿಮ್ಯುಲಿಂಕ್ ಮಾತ್ರ ಗೆಜೆಬೋದಲ್ಲೂ ಪೂರ್ತಿ ಸಮಯ ಕಳೆದಿದೆ ಅಂದುಕೊಂಡೇ ವೇಗ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಪ್ರತಿ ಸಲವೂ ರೋಬಾಟ್ ಬೇರೆ ಬೇರೆ ಥರ ಬೀಳುತ್ತಿತ್ತು. ಗೇನ್ ಅದೇ, ಮಾಡೆಲ್ ಅದೇ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ.

ಅದೇ ಪ್ರಯೋಗ ಎರಡು ಸಲ ಮಾಡಿದಾಗ ಎರಡು ಉತ್ತರ ಬಂದರೆ ಗೇನ್ ಮುಟ್ಟಬಾರದು. ನಾನು ಮುಟ್ಟಿದೆ. ನಾಲ್ಕು ದಿನ ಗೇನ್ ತಿದ್ದುತ್ತಾ ಕೂತೆ. ಆ ನಾಲ್ಕು ದಿನ ಪೂರ್ತಿ ದಂಡವಾಯಿತು.

ಬೇಕಾಗಿದ್ದದ್ದು ಒಂದೇ ಗಡಿಯಾರ. ಸಿಮ್ಯುಲಿಂಕ್ ಮತ್ತು ಗೆಜೆಬೋ ಕೂಡಿ ಹೆಜ್ಜೆ ಹಾಕುವ ವ್ಯವಸ್ಥೆ ರೋಬಾಟಿಕ್ಸ್ ಸಿಸ್ಟಮ್ ಟೂಲ್‌ಬಾಕ್ಸ್‌ನಲ್ಲಿ 2019ರ ಆವೃತ್ತಿಯಿಂದಲೇ ಇತ್ತು. ನಾನು ನೋಡಿರಲಿಲ್ಲ ಅಷ್ಟೆ. ಮ್ಯಾಟ್‌ಲ್ಯಾಬ್‌ನಲ್ಲಿ ಪ್ಯಾಕೇಜ್‌ಗೆಜೆಬೋಪ್ಲಗಿನ್ ಅಂತ ಒಂದು ಆಜ್ಞೆ ಕೊಟ್ಟರೆ ಒಂದು ಜಿಪ್ ಫೈಲ್ ಸಿಗುತ್ತದೆ. ಅದನ್ನು ಗೆಜೆಬೋ ಇರುವ ಉಬುಂಟುಗೆ ಕಾಪಿ ಮಾಡಿ, ಬಿಚ್ಚಿ, ಕೋಡನ್ನು ಓಡುವ ಹಾಗೆ ಕಟ್ಟುವ ಸಿಮೇಕ್ ಮತ್ತು ಮೇಕ್ ಆಜ್ಞೆ ಓಡಿಸಿದರೆ ಪ್ಲಗಿನ್ ತಯಾರು. ಗೆಜೆಬೋದ ವರ್ಲ್ಡ್ ಫೈಲಿನಲ್ಲಿ ಆ ಪ್ಲಗಿನ್ ಹೆಸರು ಮತ್ತು ಪೋರ್ಟ್ ನಂಬರ್ ಬರೆಯಬೇಕು. ಮೊದಲೇ ಇರುವ ನಂಬರ್ 14581. ಇದಕ್ಕೆ ಅರ್ಧ ಗಂಟೆ ಸಾಕಾಯಿತು.

ಅರ್ಧ ಗಂಟೆ ಸಾಲದೆ ಹೋದದ್ದು ನೆಟ್‌ವರ್ಕ್‌ಗೆ. ಸಿಮ್ಯುಲಿಂಕ್ ವಿಂಡೋಸ್‌ನಲ್ಲಿತ್ತು, ಗೆಜೆಬೋ ಅದೇ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್ ಒಳಗಿನ ಉಬುಂಟುವಿನಲ್ಲಿತ್ತು. ಟೆಸ್ಟ್ ಬಟನ್ ಒತ್ತಿದರೆ ಉತ್ತರವಿಲ್ಲ. ನಾನು ನೆಟ್‌ವರ್ಕ್ ಅನ್ನು ನ್ಯಾಟ್ ಅಂತಲೇ ಬಿಟ್ಟಿದ್ದೆ. ಹಾಗಿದ್ದಾಗ ಉಬುಂಟು ಒಳಗಿಂದ ಇಂಟರ್ನೆಟ್ ಸಿಗುತ್ತದೆ, ಆದರೆ ಹೊರಗಿಂದ ಒಳಗೆ ಹೋಗೋಕೆ ದಾರಿಯಿಲ್ಲ. ಬ್ರಿಜ್ ಮಾಡಿ, ಅಂದರೆ ಉಬುಂಟುವನ್ನೂ ಹೊರಗಿನ ನೆಟ್‌ವರ್ಕ್‌ಗೇ ಸೇರಿಸಿ ನೋಡಿದೆ. ಆಯಿತು, ಆದರೆ ಮನೆಯಿಂದ ಕಾಲೇಜಿಗೆ ಬಂದಾಗಲೆಲ್ಲ ಐಪಿ ವಿಳಾಸ ಬದಲಾಗುತ್ತಿತ್ತು. ಕೊನೆಗೆ ವಿಂಡೋಸ್ ಮತ್ತು ಉಬುಂಟು ನಡುವೆ ಮಾತ್ರ ಓಡುವ ಹೋಸ್ಟ್-ಓನ್ಲಿ ಅನ್ನುವ ಎರಡನೇ ಅಡಾಪ್ಟರ್ ಸೇರಿಸಿದೆ. 192.168.56.101 ಅಂತ ವಿಳಾಸ ಸಿಕ್ಕಿತು. ಆಮೇಲೆ ಅದು ಬದಲಾಗಲಿಲ್ಲ. ನಿಮ್ಮದೂ ಇದೇ ಥರದ ಏರ್ಪಾಡಾಗಿದ್ದರೆ ನೇರವಾಗಿ ಇದನ್ನೇ ಮಾಡಿ.

ಈಗ ಪೇಸರ್. ಗೆಜೆಬೋ ಪೇಸರ್ ಅನ್ನುವ ಈ ಬ್ಲಾಕೇ ಎಲ್ಲದರ ಜೀವ. ಇದನ್ನು ಮಾಡೆಲ್‌ನಲ್ಲಿ ಇಟ್ಟ ಮೇಲೆ ಗೆಜೆಬೋ ತನ್ನಷ್ಟಕ್ಕೆ ಓಡುವುದಿಲ್ಲ. ಸಿಮ್ಯುಲಿಂಕ್ ಒಂದು ಹೆಜ್ಜೆ ಅಂದರೆ ಅದು ಒಂದು ಹೆಜ್ಜೆ ಇಟ್ಟು ನಿಂತು ಕಾಯುತ್ತದೆ. ಗೆಜೆಬೋದ ಸ್ವಂತ ಹೆಜ್ಜೆ 1 ಮಿಲಿಸೆಕೆಂಡ್. ನಮ್ಮ ಕಂಟ್ರೋಲರ್‌ನ ಸ್ಯಾಂಪಲ್ ಟೈಮ್ (ಎಷ್ಟು ಹೊತ್ತಿಗೊಮ್ಮೆ ಲೆಕ್ಕ ಹಾಕಬೇಕು ಅನ್ನುವುದು) 10 ಮಿಲಿಸೆಕೆಂಡ್ ಇಟ್ಟೆವು. ಹಾಗಾಗಿ ನಮ್ಮ ಒಂದು ಹೆಜ್ಜೆಗೆ ಅದರ 10 ಹೆಜ್ಜೆ. ನಿಮ್ಮ ಸ್ಯಾಂಪಲ್ ಟೈಮ್ ಗೆಜೆಬೋದ ಹೆಜ್ಜೆಯಿಂದ ಸರಿಯಾಗಿ ಭಾಗವಾಗಬೇಕು, ಇಲ್ಲದಿದ್ದರೆ ತಾಳ ಕೂಡುವುದಿಲ್ಲ.

ಮೊದಲ ಸಲ ಇದನ್ನು ಓಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ರೋಬಾಟ್ ಬೀಳುತ್ತಿರುವಾಗ ಸುಮ್ನೆ ಸಿಮ್ಯುಲಿಂಕ್‌ನಲ್ಲಿ ಪಾಸ್ ಒತ್ತಿದೆ. ಗೆಜೆಬೋದಲ್ಲಿ ರೋಬಾಟ್ ಅರ್ಧ ವಾಲಿದ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. ಒಂದು ಚಕ್ರದ ಕೆಳಗೆ ಅದರ ನೆರಳು. ಸ್ಟೆಪ್ ಒತ್ತಿದೆ. ಒಂಚೂರು ವಾಲಿತು. ಇನ್ನೊಮ್ಮೆ ಒತ್ತಿದೆ. ಇನ್ನೊಂಚೂರು. ನನ್ನ ಬೆರಳ ತುದಿಯಲ್ಲಿ 10 ಮಿಲಿಸೆಕೆಂಡ್ ಇತ್ತು. ವಿದ್ಯಾರ್ಥಿನಿ ಮೌಸ್ ಇಸಕೊಂಡು ತಾನೂ ಒತ್ತಿ ಒತ್ತಿ ನೋಡಿದಳು. "ಬೀಳೋದನ್ನ ಹೀಗೆ ನೋಡೇ ಇರಲಿಲ್ಲ ಮೇಡಂ" ಅಂದಳು. ಲ್ಯಾಪ್‌ಟಾಪ್ ನಿಧಾನವಿದ್ದರೂ ಈಗ ತೊಂದರೆಯಿಲ್ಲ. ಕಾಯುವುದು ನಾವು ಮಾತ್ರ, ಲೆಕ್ಕ ಕೆಡುವುದಿಲ್ಲ. ಅದೇ ಪ್ರಯೋಗ ಹತ್ತು ಸಲ ಮಾಡಿದರೆ ಹತ್ತು ಸಲವೂ ರೋಬಾಟ್ ಅದೇ ಥರ ಬಿತ್ತು. ನನಗೆ ಅದೇ ದೊಡ್ಡ ಗೆಲುವು.

ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲದವರು ಇಲ್ಲಿಗೆ ಓದುವುದು ನಿಲ್ಲಿಸಬೇಡಿ. ಪೈಥಾನ್‌ನ ಕಂಟ್ರೋಲ್ ಲೈಬ್ರರಿಯಲ್ಲಿ ಎಲ್‌ಕ್ಯೂಆರ್ ಅನ್ನುವ ವಿಧಾನದಿಂದ ಗೇನ್ ತೆಗೆಯಬಹುದು. ಕಾಪೆಲಿಯಾಸಿಮ್ ಅನ್ನುವ ಸಿಮ್ಯುಲೇಟರ್ ವಿದ್ಯಾರ್ಥಿಗಳಿಗೆ ಉಚಿತ, ಅದರಲ್ಲೂ ಪೈಥಾನ್‌ನಿಂದ ಹೆಜ್ಜೆ ಹೆಜ್ಜೆಯಾಗಿ ಓಡಿಸುವ ಅನುಕೂಲವಿದೆ. ಒಂದು ಮಾತ್ರ ನೋಡಿಕೊಳ್ಳಿ. ಅದರಲ್ಲಿ ಮೊದಲೇ ಇರುವ ಹೆಜ್ಜೆ 50 ಮಿಲಿಸೆಕೆಂಡ್. ನಮ್ಮ ರೋಬಾಟ್ ಅಷ್ಟರಲ್ಲಿ ಎರಡರಷ್ಟು ವಾಲಿರುತ್ತದೆ. ಹೆಜ್ಜೆ ಕಡಿಮೆ ಮಾಡಿಯೇ ಶುರು ಮಾಡಬೇಕು.

ಗಡಿಯಾರ ಒಂದಾಯಿತು. ಗೇನ್ ಅನ್ನು ಎಲ್‌ಕ್ಯೂಆರ್‌ಡಿ ಆಜ್ಞೆಯಿಂದ 10 ಮಿಲಿಸೆಕೆಂಡಿಗೆ ಸರಿಯಾಗಿ ಮತ್ತೆ ತೆಗೆದೆ. ಗೆಜೆಬೋಗೆ ಆಜ್ಞೆ ಕಳಿಸುವ ಅಪ್ಲೈ ಕಮಾಂಡ್ ಬ್ಲಾಕ್‌ನಲ್ಲಿ ಟಾರ್ಕ್ ಎಷ್ಟು ಹೊತ್ತು ಕೊಡಬೇಕು ಅನ್ನುವ ಜಾಗವನ್ನು ಖಾಲಿ ಬಿಟ್ಟು ಅರ್ಧ ದಿನ ಕಳೆದೆ. ಎಷ್ಟು ಹೊತ್ತು ಅಂತ ಹೇಳದಿದ್ದರೆ ತಳ್ಳುವುದಾದರೂ ಹೇಗೆ, ಚಕ್ರ ಅಲ್ಲಾಡಲೇ ಇಲ್ಲ. ಅಲ್ಲಿ ಸ್ಯಾಂಪಲ್ ಟೈಮ್ ಅನ್ನೇ ಬರೆದೆ. ಚಕ್ರ ತಿರುಗಿತು. ರೋಬಾಟ್ ಈಗ ಮೊದಲಿಗಿಂತ ಬೇಗ ಬಿತ್ತು! ಮುಂದಕ್ಕೆ ವಾಲಿದರೆ ಚಕ್ರ ಹಿಂದಕ್ಕೆ ಓಡುತ್ತಿತ್ತು.

ಚಿಹ್ನೆ ತಪ್ಪಿದೆ ಅಂತ ಗೊತ್ತಾಯಿತು. ಒಂದು ಮೈನಸ್ ಹಾಕಿದರೆ ಮುಗಿಯಿತು ಅಂತ ಕೈ ಮೌಸಿನ ಮೇಲೆ ಹೋಗಿತ್ತು. ಅಷ್ಟರಲ್ಲಿ ವಿದ್ಯಾರ್ಥಿನಿ ಡಿಸ್‌ಪ್ಲೇ ಬ್ಲಾಕ್ ತೋರಿಸಿ, "ಮೇಡಂ, ರೋಬಾಟ್ ನೆಟ್ಟಗೆ ನಿಂತಿದೆ, ಇಲ್ಲಿ ಯಾಕೆ 3.142 ತೋರಿಸ್ತಿದೆ?" ಅಂತ ಕೇಳಿದಳು.

ಆ ಪ್ರಶ್ನೆ ನಮ್ಮನ್ನು ಉಳಿಸಿತು. ಐಎಂಯು ಅನ್ನುವ ವಾಲು ಅಳೆಯುವ ಸೆನ್ಸರ್, ರೋಬಾಟ್ ಯಾವ ದಿಕ್ಕಿಗೆ ಹೇಗಿದೆ ಅಂತ ನಾಲ್ಕು ಸಂಖ್ಯೆಯಲ್ಲಿ ಹೇಳುತ್ತದೆ. ಇದಕ್ಕೆ ಕ್ವಾಟರ್ನಿಯನ್ ಅನ್ನುತ್ತಾರೆ. ಗೆಜೆಬೋದ ಮೆಸೇಜಿನಲ್ಲಿ ಅವು ಎಕ್ಸ್, ವೈ, ಜೆಡ್, ಡಬ್ಲ್ಯೂ ಅಂತ ಬರುತ್ತವೆ. ಕೋನ ಬಿಡಿಸುವ ಮ್ಯಾಟ್‌ಲ್ಯಾಬ್ ಫಂಕ್ಷನ್‌ಗೆ ಡಬ್ಲ್ಯೂ ಮೊದಲು ಬೇಕು. ನಾನು ಬಂದ ಸಾಲಿನಲ್ಲೇ ಕೊಟ್ಟಿದ್ದೆ. ನೆಟ್ಟಗೆ ನಿಂತಾಗ ಮುಂದೆ-ಹಿಂದೆ ವಾಲು 0 ಅಂತಲೇ ಬರುತ್ತಿತ್ತು, ಅದಕ್ಕೇ ಅನುಮಾನ ಬಂದಿರಲಿಲ್ಲ. ಕೂತು ಸೂತ್ರ ಬಿಡಿಸಿದೆವು. ಹೀಗೆ ಸಾಲು ತಪ್ಪಿದರೆ ಮುಂದೆ-ಹಿಂದೆ ವಾಲು ಯಾವಾಗಲೂ ಸರಿಯಾಗಿ ತಿರುಗುಮುರುಗಾಗಿ ಬರುತ್ತದೆ. 5 ಡಿಗ್ರಿ ಇದ್ದರೆ ಮೈನಸ್ 5. ಬಲ-ಎಡ ತಿರುಗಿದ್ದು ಪಕ್ಕಕ್ಕೆ ವಾಲಿದ ಹಾಗೆ ಕಾಣುತ್ತದೆ. ಪಕ್ಕಕ್ಕೆ ವಾಲಿದ್ದು 180 ಡಿಗ್ರಿಯಿಂದ ಕಳೆದು ಬಲ-ಎಡ ತಿರುಗಿದ ಹಾಗೆ ಕಾಣುತ್ತದೆ. 3.142 ಬಂದಿದ್ದು ಅಲ್ಲಿಂದ.

ಅಂದರೆ ನಾನು ಆ ಮೈನಸ್ ಹಾಕಿದ್ದರೆ ರೋಬಾಟ್ ನಿಲ್ಲೋ ಕೆಲಸಕ್ಕೆ ಏನೂ ತೊಂದರೆ ಆಗುತ್ತಿರಲಿಲ್ಲ. ತಪ್ಪು ಒಳಗೇ ಕೂತಿರುತ್ತಿತ್ತು. ತಿಂಗಳು ಬಿಟ್ಟು ರೋಬಾಟನ್ನು ಎಡಕ್ಕೆ ತಿರುಗಿಸೋಕೆ ಹೋದಾಗ ಹೊರಗೆ ಬರುತ್ತಿತ್ತು, ಆಗ ಎಲ್ಲಿ ಅಂತ ಹುಡುಕೋದು? ಸಾಲು ಸರಿ ಮಾಡಿದೆವು. ಚಿಹ್ನೆಯೂ ತಾನಾಗೇ ಸರಿಯಾಯಿತು.

ಇಷ್ಟಾದರೂ ನಿಲ್ಲಲಿಲ್ಲ. ಈಗ ಬೇರೆ ಥರ. ರೋಬಾಟ್ ಮುಂದಕ್ಕೆ ಓಡುತ್ತದೆ, ನಿಧಾನವಾಗಿ ಹಿಂದಕ್ಕೆ ವಾಲುತ್ತದೆ, ಆಮೇಲೆ ಹಿಂದಕ್ಕೆ ಓಡುತ್ತದೆ, ಪ್ರತಿ ಸಲವೂ ಸ್ವಲ್ಪ ಜಾಸ್ತಿ. ಕೊನೆಗೆ ಬಿದ್ದೇ ಬೀಳುತ್ತದೆ. ಸಿಮ್ಯುಲಿಂಕ್‌ನಲ್ಲಿ ನಮ್ಮದೇ ಸಮೀಕರಣದ ಮೇಲೆ ಇದೇ ಗೇನ್ ಒಂದು ಸೆಕೆಂಡಿನೊಳಗೆ ನಿಲ್ಲಿಸುತ್ತಿತ್ತು. ಮತ್ತೆ ಗೇನ್ ತಿದ್ದುವ ಆಸೆ ಬಂತು. ಈ ಸಲ ತಡೆದುಕೊಂಡೆ.

ಆ ದಿನ ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ನಮ್ಮ ಸಮೀಕರಣದ ರೋಬಾಟ್, ಗೆಜೆಬೋದ ರೋಬಾಟ್, ಎರಡೂ ಒಂದೇ ಅಂತ ನಾವು ನಂಬಿದ್ದೇವೆ. ನೋಡಿದ್ದೇವಾ? ಇಲ್ಲ. ನೋಡೋದು ಹೇಗೆ? ಕಂಟ್ರೋಲರ್ ಇದ್ದಾಗ ಕಾಣೋದು ಇಬ್ಬರ ಕೆಲಸ, ರೋಬಾಟಿನದೂ ಕಂಟ್ರೋಲರ್‌ನದೂ. ಕಂಟ್ರೋಲರ್ ತೆಗೆದುಬಿಟ್ಟರೆ? ಸುಮ್ಮನೆ 5 ಡಿಗ್ರಿ ವಾಲಿಸಿ ಕೈ ಬಿಟ್ಟರೆ? ಬೀಳುತ್ತದೆ. ಹೇಗೆ ಬೀಳುತ್ತದೆ ಅನ್ನೋದೇ ಅದರ ಗುರುತು.

ಮಾರನೇ ದಿನ ಟಾರ್ಕ್ ಅನ್ನು ಸೊನ್ನೆ ಮಾಡಿ ಎರಡೂ ಕಡೆ 5 ಡಿಗ್ರಿಯಿಂದ ಬೀಳೋಕೆ ಬಿಟ್ಟೆವು. ಎರಡು ಗ್ರಾಫನ್ನು ಒಂದರ ಮೇಲೊಂದು ಹಾಕಿದೆವು. ನಮ್ಮ ಸಮೀಕರಣದ ರೋಬಾಟ್ 45 ಡಿಗ್ರಿ ತಲುಪೋಕೆ ತೆಗೆದುಕೊಂಡಿದ್ದು ಕಾಲು ಸೆಕೆಂಡಿನ ಆಸುಪಾಸು. ಗೆಜೆಬೋದ ರೋಬಾಟ್ ಸುಮಾರು 3 ಸೆಕೆಂಡ್ ತೆಗೆದುಕೊಂಡಿತು. ನೀರೊಳಗೆ ಬೀಳುವ ಹಾಗೆ, ಮೆಲ್ಲಗೆ.

ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಇಬ್ಬರೂ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಗೆಜೆಬೋದ ವ್ಯೂ ಮೆನುವಿನಲ್ಲಿ ಇನರ್ಷಿಯಾ ತೋರಿಸು ಅನ್ನುವುದನ್ನು ಒತ್ತಿದೆ. ಪರದೆ ಪೂರ್ತಿ ನೇರಳೆಯಾಯಿತು. ಮೊದಲು ಗ್ರಾಫಿಕ್ಸ್ ಕೆಟ್ಟಿತು ಅಂದುಕೊಂಡೆ. ಮೌಸ್ ಚಕ್ರ ತಿರುಗಿಸಿ ದೂರ ಬಂದೆ, ಇನ್ನೂ ದೂರ ಬಂದೆ. ಆಗ ಕಂಡಿತು. ಎರಡೂವರೆ ಮೀಟರ್ ಉದ್ದ, ಅಗಲ, ಎತ್ತರದ ಒಂದು ನೇರಳೆ ಪೆಟ್ಟಿಗೆ. ಅದರ ಹೊಟ್ಟೆಯೊಳಗೆ, ನೆಲದ ಹತ್ತಿರ, ಬೆಂಕಿಪೊಟ್ಟಣದಷ್ಟು ಕಾಣುವ ನಮ್ಮ ರೋಬಾಟ್.

ಒಂದು ವಸ್ತು ತಿರುಗೋಕೆ ಎಷ್ಟು ಹಟ ಮಾಡುತ್ತದೆ ಅನ್ನುವುದೇ ಇನರ್ಷಿಯಾ. ಅಷ್ಟೇ ತೂಕ, ಅಷ್ಟೇ ಹಟ ಇರುವ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅಂತ ಗೆಜೆಬೋ ಬಿಡಿಸಿ ತೋರಿಸುತ್ತದೆ. ನಮ್ಮ ಡಬ್ಬಕ್ಕೆ ಮುಂದೆ-ಹಿಂದೆ ವಾಲುವಾಗ ಇರಬೇಕಾದದ್ದು ಸುಮಾರು 0.0036 ಕಿಲೋಗ್ರಾಂ ಮೀಟರ್ ವರ್ಗ. ಮಾಡೆಲ್ ಫೈಲ್ ತೆರೆದೆ. ತೂಕ 1 ಅಂತ ಸರಿಯಾಗಿ ಬರೆದಿತ್ತು. ಇನರ್ಷಿಯಾ ಸಾಲುಗಳೇ ಇರಲಿಲ್ಲ. ಹಳೆಯ ಮಾದರಿಯಿಂದ ಕಾಪಿ ಮಾಡುವಾಗ ಆಮೇಲೆ ಬರೆಯೋಣ ಅಂತ ನಾನೇ ಅಳಿಸಿದ್ದೆ. ಗೆಜೆಬೋ ಓದುವ ಇಂಥ ಎಸ್‌ಡಿಎಫ್ ಮಾಡೆಲ್ ಫೈಲಿನಲ್ಲಿ ಇನರ್ಷಿಯಾ ಬರೆಯದಿದ್ದರೆ ಮೂರು ದಿಕ್ಕಿಗೂ 1 ಅಂತ ಎಣಿಸಲಾಗುತ್ತದೆ. ಎರರ್ ಬರುವುದಿಲ್ಲ, ಅದು ನಿಯಮದಲ್ಲೇ ಇರುವುದು. 0.0036 ಇರಬೇಕಾದ ಕಡೆ 1. ಸುಮಾರು 275 ಪಟ್ಟು ಜಾಸ್ತಿ.

"ಮೇಡಂ, ಪಾಪ, ಅಷ್ಟು ದೊಡ್ಡ ಪೆಟ್ಟಿಗೆ ಹೊತ್ಕೊಂಡು ನಿಂತ್ಕೊಳ್ಳೋಕೆ ನೋಡ್ತಿತ್ತು ಅದು" ಅಂದಳು ಹುಡುಗಿ. ನನಗೂ ಹಾಗೇ ಅನ್ನಿಸಿತು.

ಮೈಗೂ ಚಕ್ರಕ್ಕೂ ಲೆಕ್ಕ ಹಾಕಿ ಸಾಲುಗಳನ್ನು ಬರೆದೆವು. ಮತ್ತೆ ವ್ಯೂ ಒತ್ತಿದರೆ ನೇರಳೆ ಪೆಟ್ಟಿಗೆ ರೋಬಾಟಿನ ಮೈಗೆ ಅಂಟಿ ಕೂತಿತ್ತು, ಹೊಲಿಸಿದ ಅಂಗಿಯ ಹಾಗೆ. ಮತ್ತೆ ಬೀಳೋಕೆ ಬಿಟ್ಟೆವು. ಎರಡು ಗ್ರಾಫೂ ಒಂದರ ಮೇಲೊಂದು ಕೂತವು. 30 ಡಿಗ್ರಿಯವರೆಗೆ ಗೆರೆ ಬೇರೆ ಮಾಡೋಕೇ ಆಗಲಿಲ್ಲ.

ಆಮೇಲೆ ಕಂಟ್ರೋಲರ್ ಸೇರಿಸಿದೆವು. ಗೇನ್ ಅದೇ, ಒಂದು ಅಂಕಿಯೂ ಮುಟ್ಟಿಲ್ಲ. ರನ್ ಒತ್ತಿದೆ. 5 ಡಿಗ್ರಿ ವಾಲಿದ ರೋಬಾಟ್ ಚಕ್ರವನ್ನು ಮುಂದಕ್ಕೆ ತಳ್ಳಿತು, ಮೈ ಎತ್ತಿಕೊಂಡಿತು, ಸ್ವಲ್ಪ ಹಿಂದೆ ಬಂತು, ನಿಂತಿತು. ನಿಂತೇ ಇತ್ತು. ಲ್ಯಾಬಿನ ಅಟೆಂಡರ್ ಅಣ್ಣನೂ ಬಂದು ನೋಡಿದರು. "ಏನಮ್ಮ, ಅಲ್ಲಾಡ್ತಾನೇ ಇಲ್ಲ?" ಅಂದರು. ಅಲ್ಲಾಡದೇ ಇರೋಕೆ ಅಲ್ವಾ ಇಷ್ಟೆಲ್ಲ ಒದ್ದಾಡಿದ್ದು. ರೋಬಾಟಿನ ಮೈಗೆ ಒಂದು ಸಣ್ಣ ತಳ್ಳು ಕೊಟ್ಟು ತೋರಿಸಿದೆವು. ವಾಲಿ, ಓಡಿ, ಮತ್ತೆ ಬಂದು ನಿಂತಿತು. ಅವರು ಇನ್ನೊಮ್ಮೆ ಅಂದರು. ನಾಲ್ಕು ಸಲ ತೋರಿಸಿದೆವು.

ಒಂದು ವಿಷಯ ಹೇಳಲೇಬೇಕು. ನಾವು ಬಳಸಿದ ಗೆಜೆಬೋ 11ಕ್ಕೆ 2025ರ ಜನವರಿಗೆ ಬೆಂಬಲ ಮುಗಿದಿದೆ. ಈಗ ಹೊಸದಾಗಿ ಶುರು ಮಾಡುವವರು ಹೊಸ ಗೆಜೆಬೋ ತೆಗೆದುಕೊಂಡು, ತಮ್ಮ ಮ್ಯಾಟ್‌ಲ್ಯಾಬ್ ಆವೃತ್ತಿಗೆ ಅದು ಕೂಡುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಮೆನು, ಬಟನ್ ಬೇರೆ ಇರಬಹುದು. ಬೀಳುವ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಕೈ ಇರುವ ರೋಬಾಟ್ ಆದರೆ ಕೈಯನ್ನು ಅಡ್ಡ ಹಿಡಿದು ಬಿಟ್ಟು ನೋಡಿ, ಗಾಡಿ ಆದರೆ ಇಳಿಜಾರಿನಲ್ಲಿ ಉರುಳಲು ಬಿಟ್ಟು ನೋಡಿ. ಸಮೀಕರಣವೂ ಸಿಮ್ಯುಲೇಟರೂ ಒಂದೇ ಥರ ಬಿದ್ದ ಮೇಲೆ ಕಂಟ್ರೋಲರ್ ಮುಟ್ಟಿ.

ಕೊನೆಯ ಎರಡು ದಿನ ಅವಳೇ ಕೆಲಸ ಮಾಡಿದಳು. ಕೊಳ್ಳಬೇಕೆಂದಿದ್ದ ಮೋಟರ್‌ಗೆ ಇರುವ ಶಕ್ತಿಯನ್ನು, ಮೇಲ್ಮಿತಿ ಹಾಕುವ ಸ್ಯಾಚುರೇಶನ್ ಬ್ಲಾಕ್‌ನಲ್ಲಿ ಬರೆದಳು, ಒಂದು ಚಕ್ರಕ್ಕೆ 0.05 ನ್ಯೂಟನ್ ಮೀಟರ್. ಸೆನ್ಸರ್‌ಗೆ ಸ್ವಲ್ಪ ಗದ್ದಲ ಸೇರಿಸಿದಳು. 8 ಡಿಗ್ರಿಯಿಂದ ಬಿಟ್ಟಾಗ ರೋಬಾಟ್ ನಡುಗುತ್ತಾ ನಿಂತಿತು. 20 ಡಿಗ್ರಿಯಿಂದ ಬಿಟ್ಟಾಗ ಚಕ್ರ ಪೂರ್ತಿ ಶಕ್ತಿ ಹಾಕಿ ಓಡಿತು, ಆದರೂ ಬಿತ್ತು. ಪಾಸ್ ಒತ್ತಿ, ಹಿಂದೆ ಹೋಗಿ, ಟಾರ್ಕ್ ಗ್ರಾಫ್ ಮೇಲ್ಮಿತಿಗೆ ಅಂಟಿ ನಿಂತಿದ್ದನ್ನು ನನಗೆ ತೋರಿಸಿದಳು. ನೋಟ್‌ಬುಕ್ ತೆಗೆದು, ಮೋಟರ್ ಪಟ್ಟಿಯಲ್ಲಿ ಮೊದಲು ಬರೆದಿದ್ದ ಹೆಸರಿಗೆ ಗೀಟು ಎಳೆದು, ಅದರ ಕೆಳಗಿನ ದೊಡ್ಡ ಮೋಟರ್‌ಗೆ ಟಿಕ್ ಹಾಕಿದಳು.